ಬೀಜವೇ ಕಸಿಯಾದ ಮುಳ್ಳುಗಿಡ

ಅಮೆರಿಕದ ಡೆಟ್ರಾಯಿಟಿನ ಪಶ್ಚಿಮಕ್ಕಿರುವ ಲಿವೋನಿಯಾ ನಗರವಾದದ್ದು 1950ರಲ್ಲಿ. 1835ರಲ್ಲಿ ಟೌನ್‌ಶಿಪ್ ಆದಾಗಿನಿಂದ ಅಲ್ಲಿಯವರೆಗೆ ಅದು ಬಹುಮಟ್ಟಿಗೆ ಒಕ್ಕಲುತನದ ಊರು. ಹಿಮಯುಗದ ಕೊನೆಗೆ ಹಿಂದೆ ಸರಿದ ಸರೋವರಗಳು ಈ ಸೀಮೆಯುದ್ದಕ್ಕೂ ಮರಳಿನ ದಿಬ್ಬಗಳನ್ನು ಬಿಟ್ಟುಹೋಗಿವೆ. ಇಂಥ ನೆಲದ ತೆಳುಗಾಡಿನಲ್ಲೂ ಪಾಳುಬಿದ್ದ ಹುಲ್ಲುಗಾವಲಿನಲ್ಲೂ ಸ್ಥಳೀಯ ಹಾಥಾರ್ನ್ ಬೆಳೆಯುತ್ತದೆ: ಬಿಳಿ ಹೂ, ಕೆಂಪು ಹಣ್ಣು, ಬೆರಳುದ್ದದ ಮುಳ್ಳು. ಕುಲ ಯಾವುದೆಂದು ಮಕ್ಕಳೂ ಹೇಳಿಯಾರು. ಪ್ರಭೇದ ಯಾವುದೆಂದು ಕೇಳಿದರೆ ಪಂಡಿತರೂ ತಡವರಿಸುತ್ತಾರೆ. ಈ ತಡವರಿಕೆಯ ಬೇರು ಗಿಡದಲ್ಲಿ ಎಷ್ಟಿದೆಯೋ ನೆಲದ ಚರಿತ್ರೆಯಲ್ಲೂ ಅಷ್ಟೇ ಇದೆ ಎಂಬುದು ನನ್ನ ವಾದ.

1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಅಮೆರಿಕದ ಹಾಥಾರ್ನ್‌ಗಳಿಗೆ ಕೊಟ್ಟ ಹೆಸರುಗಳು ಬೆರಳೆಣಿಕೆಯಷ್ಟು. 1900ರ ಆಸುಪಾಸಿನಲ್ಲಿ ಹೆಸರುಗಳ ಸುರಿಮಳೆಯೇ ಆಯಿತು. ಬಾಸ್ಟನ್ನಿನ ಆರ್ನಾಲ್ಡ್ ಸಸ್ಯೋದ್ಯಾನದ ಚಾರ್ಲ್ಸ್ ಸ್ಪ್ರೇಗ್ ಸಾರ್ಜೆಂಟ್ ಒಬ್ಬರೇ 700ಕ್ಕೂ ಹೆಚ್ಚು ಪ್ರಭೇದಗಳನ್ನು ವರ್ಣಿಸಿದರು. ಇಂದು ಉತ್ತರ ಅಮೆರಿಕದಲ್ಲಿ ಒಪ್ಪಿತವಾಗಿರುವವು ಇನ್ನೂರಕ್ಕೂ ಕಡಿಮೆ. ಹಾಗಾದರೆ ಸಾರ್ಜೆಂಟರದು ಬರೀ ಹೆಸರಿಡುವ ಹುಚ್ಚೇ? ಹಾಗೆಂದು ನಗುವುದು ಸುಲಭ. ಆದರೆ ಅವರು ಒಂದೊಂದು ಗಿಡಕ್ಕೂ ಗುರುತು ಹಾಕಿಸಿ, ವಸಂತದಲ್ಲಿ ಹೂವನ್ನೂ ಶರತ್ಕಾಲದಲ್ಲಿ ಹಣ್ಣನ್ನೂ ಅದೇ ಗಿಡದಿಂದ ತರಿಸಿದವರು. ಅವರು ಕಂಡ ವ್ಯತ್ಯಾಸ ಸುಳ್ಳಾಗಿರಲಿಲ್ಲ.

ಆ ವ್ಯತ್ಯಾಸ ಪೀಳಿಗೆಯಿಂದ ಪೀಳಿಗೆಗೆ ಉಳಿಯುವುದು ಹೇಗೆ? ಮಲೆನಾಡಿನ ಉಪ್ಪಿನಕಾಯಿ ಮಾವು ಅಪ್ಪೆಮಿಡಿಯನ್ನು ನೆನೆಯಿರಿ. ಮರಕ್ಕೊಂದು ಪರಿಮಳ, ಮರಕ್ಕೊಂದು ಹೆಸರು. ಆ ಗುಣ ಮುಂದುವರಿಯಬೇಕಾದರೆ ಕಸಿ ಕಟ್ಟಬೇಕು. ಹಾಥಾರ್ನ್‌ನ ಎಷ್ಟೋ ಬಗೆಗಳಿಗೆ ಬೀಜವೇ ಕಸಿ. ಗಂಡು-ಹೆಣ್ಣು ಕೂಡದೆಯೇ ಭ್ರೂಣ ಬೆಳೆಯುವುದರಿಂದ ಸಸಿ ತಾಯಿಯ ಪಡಿಯಚ್ಚು. ಕೆನಡಾದ ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯದ ಮುನಿಯಮ್ಮ ಮತ್ತು ಫಿಪ್ಸ್ 1979ರಲ್ಲಿ ಇದಕ್ಕೆ ಕೋಶವಿಜ್ಞಾನದ ಪುರಾವೆ ಒದಗಿಸಿದರು. ಅಪರೂಪಕ್ಕೊಮ್ಮೆ ಆದ ಬೆರಕೆಯೂ ಹೀಗೆ ಅಚ್ಚೊತ್ತಿದಂತೆ ನೂರಾರು ಗಿಡಗಳಾಗಬಲ್ಲದು.

ಗಿಡದ ಗುಣ ಇದಾದರೆ, ಲಿನೇಯಸ್‌ಗೆ ಕಾಣದ್ದು ಸಾರ್ಜೆಂಟರಿಗೆ ಕಂಡದ್ದೇಕೆ? ಹುಡುಕಾಟ ಹೆಚ್ಚಿತು ಎಂಬುದು ಅರ್ಧ ಉತ್ತರ. ಉಳಿದರ್ಧ ಕೊಡಲಿಯದು, ದನಗಳದು. ಕಾಡು ಕಡಿದಾಗ ಬಿಸಿಲು ಸಿಕ್ಕಿತು. ದನಗಳು ಮಿಕ್ಕ ಸಸಿಗಳನ್ನು ಮೇಯ್ದು ಮುಳ್ಳಿನದನ್ನು ಬಿಟ್ಟವು. ಹಕ್ಕಿಗಳು ಬೀಜ ಹರಡಿದವು. ದೂರದೂರವಿದ್ದ ಬಗೆಗಳು ಒಂದೇ ಬಯಲಲ್ಲಿ ನೆರೆಹೊರೆಯಾಗಿ ಬೆರಕೆಗೆ ದಾರಿಯಾಯಿತು.

ಇಷ್ಟಾದ ಮೇಲೂ ಗುರುತಿಸುವ ಕೆಲಸ ವ್ಯರ್ಥವಲ್ಲ. ಮೊದಲು ಗಿಡದ ಬಳಗ, ಅಂದರೆ ಹತ್ತಿರದ ಪ್ರಭೇದಗಳ ಗುಂಪು, ತಿಳಿದರೆ ಸಾಕು, ಹೆಸರಿಗೆ ಆತುರ ಬೇಡ. ಕೇಸರಗಳು ಹತ್ತೋ ಇಪ್ಪತ್ತೋ, ಪರಾಗಕೋಶ ಗುಲಾಬಿಯೋ ಕೆನೆಬಣ್ಣವೋ ಎಂದು ಮೇ ತಿಂಗಳಲ್ಲೇ ಬರೆದಿಟ್ಟುಕೊಂಡು ಗಿಡಕ್ಕೊಂದು ದಾರ ಕಟ್ಟಿ ಬನ್ನಿ. ಸೆಪ್ಟೆಂಬರಿನಲ್ಲಿ ಹಣ್ಣನ್ನೂ ಅದೇ ಗಿಡದಲ್ಲಿ ನೋಡಬೇಕು.