ಮಜ್ಜೆಯೊಳಗಿನ ಮೂಲಕೋಶ

ಮೂಳೆಯೊಳಗಿನ ಮಜ್ಜೆಯಲ್ಲಿ ರಕ್ತ ಹುಟ್ಟುತ್ತದೆಂಬುದು ಹತ್ತೊಂಬತ್ತನೆಯ ಶತಮಾನದಲ್ಲೇ ತಿಳಿದುಬಂದಿತ್ತು. ಆದರೆ ಕೆಂಪು ಕಣ, ಬಿಳಿ ಕಣಗಳಿಗೆಲ್ಲ ತಾಯಿಯಾದ ಒಂದು ಮೂಲಕೋಶ, ಅಂದರೆ ಈಗ ಎಲ್ಲರ ಬಾಯಲ್ಲಿರುವ ‘ಸ್ಟೆಮ್ ಸೆಲ್’, ಉಂಟೇ ಇಲ್ಲವೇ ಎಂಬ ವಾದ ಬಹುಕಾಲ ಬಗೆಹರಿಯಲಿಲ್ಲ. ಅದನ್ನು ಬಗೆಹರಿಸಲು ದಾರಿ ತೆರೆದದ್ದು ಅಣುಬಾಂಬಿನ ಭಯವೆಂದರೆ ವಿಚಿತ್ರವೆನಿಸೀತು.

ಹಿರೋಶಿಮಾದ ಬಳಿಕ, ವಿಕಿರಣದಿಂದ ಮಜ್ಜೆ ಸತ್ತವರನ್ನು ಉಳಿಸುವುದು ಹೇಗೆಂಬ ಪ್ರಶ್ನೆ ವೈದ್ಯರನ್ನು ಕಾಡಿತು. ಅರಿವಿಗಿಂತ ಮೊದಲು ಚಿಕಿತ್ಸೆಯೇ ನಡೆದುಹೋಯಿತು. ಅಮೆರಿಕದ ಡಾ. ಡಾನಲ್ ಥಾಮಸ್ ಆರು ಮಂದಿ ರೋಗಿಗಳಿಗೆ ಪರರ ಮಜ್ಜೆಯನ್ನು ಏರಿಸಿ 1957ರಲ್ಲಿ ವರದಿ ಮಾಡಿದರು. ಆರು ಮಂದಿಯೂ ಉಳಿಯಲಿಲ್ಲ. ಮರುವರ್ಷ ಯುಗೋಸ್ಲಾವಿಯದ ವಿಂಚಾದಲ್ಲಿ ಅಣುಸ್ಥಾವರದ ಅಪಘಾತಕ್ಕೆ ಸಿಕ್ಕ ಆರು ಜನರನ್ನು ಪ್ಯಾರಿಸ್ಸಿಗೆ ಕರೆತಂದಾಗ, ಡಾ. ಜಾರ್ಜ್ ಮಾತೆ ಅವರಲ್ಲಿ ಐವರಿಗೆ ಫ್ರೆಂಚ್ ದಾನಿಗಳ ಮಜ್ಜೆ ನೀಡಿದರು. ನಾಲ್ವರು ಬದುಕಿದರು.

ಟೊರಾಂಟೊದಲ್ಲಿ ಭೌತವಿಜ್ಞಾನಿ ಜೇಮ್ಸ್ ಟಿಲ್ ಮತ್ತು ವೈದ್ಯ ಅರ್ನೆಸ್ಟ್ ಮೆಕಲಕ್, ಇಲಿಗಳ ಮಜ್ಜೆಯನ್ನು ವಿಕಿರಣದಿಂದ ನಾಶಮಾಡಿ, ಬೇರೆ ಇಲಿಗಳ ಮಜ್ಜೆಯ ಕೋಶಗಳನ್ನು ಎಣಿಸಿ ಚುಚ್ಚುತ್ತಿದ್ದರು. ಹತ್ತು ದಿನದ ಮೇಲೆ ನೋಡಿದರೆ ಗುಲ್ಮದ ತುಂಬ ಗಂಟುಗಳು! ಸುಮಾರು ಹತ್ತು ಸಾವಿರ ಕೋಶಕ್ಕೆ ಒಂದರಂತೆ ಗಂಟು ಎದ್ದಿತ್ತು. 1961ರಲ್ಲಿ ಇದನ್ನು ಪ್ರಕಟಿಸಿದರು. ಒಂದು ಗಂಟಿನ ಕೋಶಗಳೆಲ್ಲ ಒಂದೇ ತಾಯಿಕೋಶದ ಸಂತಾನವೆಂದು 1963ರಲ್ಲಿ ವರ್ಣತಂತುಗಳ ಗುರುತಿನಿಂದ ಖಚಿತವಾಯಿತು. ಥಾಮಸ್ ಅವರಿಗೆ 1990ರಲ್ಲಿ ನೊಬೆಲ್ ಬಂದಿತು. ಆದರೆ ಈ ಜೋಡಿಗೆ ಆ ಪ್ರಶಸ್ತಿ ಬರಲೇ ಇಲ್ಲ; ನನಗಂತೂ ಇದು ನ್ಯಾಯವೆನಿಸದು.

ಮುಂಬಯಿಯ ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 1983ರ ಮಾರ್ಚಿನಲ್ಲಿ ಡಾ. ಸುರೇಶ ಅಡ್ವಾಣಿಯವರು ರಕ್ತದ ಕ್ಯಾನ್ಸರಿದ್ದ ಒಂಬತ್ತು ವರ್ಷದ ಹುಡುಗಿಗೆ ಮಜ್ಜೆಯ ಕಸಿ ಮಾಡಿದರು. ಭಾರತದಲ್ಲಿ ಅದೇ ಮೊದಲನೆಯದು. ಬಾಲ್ಯದ ಪೋಲಿಯೋದಿಂದ ಗಾಲಿಕುರ್ಚಿ ಹಿಡಿದ ಈ ವೈದ್ಯರು ಸಿಯಾಟಲ್‌ನಲ್ಲಿ ಥಾಮಸ್ ಅವರ ಬಳಿ ಕಲಿತುಬಂದವರು.

ಕಸಿಗೆ ದಾನಿಯ ಕೋಶದ ಗುರುತುಗಳು ರೋಗಿಯವಕ್ಕೆ ಹೊಂದಬೇಕು. ಒಡಹುಟ್ಟಿದವರಲ್ಲಿ ಒಬ್ಬೊಬ್ಬರಿಗೂ ಇದು ನಾಲ್ಕರಲ್ಲಿ ಒಂದು ಪಾಲಿನ ಅದೃಷ್ಟ. ಒಂದೆರಡು ಮಕ್ಕಳ ಸಂಸಾರಗಳಲ್ಲಿ ಅದು ಎಷ್ಟೋ ಸಲ ಸಿಗದು. ಆಗ ಅಪರಿಚಿತ ದಾನಿಯನ್ನು ಹುಡುಕಬೇಕು, ಹೊಂದಿಕೆ ಸಿಗುವ ಸಂಭವ ಹೆಚ್ಚಾಗಿ ಒಂದೇ ಮೂಲದ ಜನರಲ್ಲೇ. ಊರುಬಿಟ್ಟು ಬಂದ ನಮ್ಮಂಥವರ ಹೆಸರುಗಳೂ ದಾನಿಗಳ ಪಟ್ಟಿಯಲ್ಲಿರಬೇಕಾದದ್ದು ಇದಕ್ಕೇ. ಹೆಸರು ಬರೆಸಲು ಬೇಕಾದುದು ಕೆನ್ನೆಯ ಒಳಗೆ ಹತ್ತಿಯ ಕಡ್ಡಿಯನ್ನು ಒಮ್ಮೆ ಸವರುವಷ್ಟು ಹೊತ್ತು.