ವರ್ಮಾಂಟ್

ವರ್ಮಾಂಟ್ ಅಮೆರಿಕ ಸಂಯುಕ್ತ ಸಂಸ್ಥಾನದ ಈಶಾನ್ಯ ಭಾಗದಲ್ಲಿರುವ ಒಂದು ಸಣ್ಣ ರಾಜ್ಯ. ನ್ಯೂ ಇಂಗ್ಲೆಂಡ್ ಎಂದು ಕರೆಯಲಾಗುವ ಆರು ರಾಜ್ಯಗಳ ಪೈಕಿ ಸಮುದ್ರತೀರವಿಲ್ಲದ ರಾಜ್ಯ ಇದೊಂದೇ. 2020ರ ಜನಗಣತಿಯಂತೆ ಇದರ ಜನಸಂಖ್ಯೆ 6,43,077. ವಯೋಮಿಂಗ್ ಒಂದನ್ನು ಬಿಟ್ಟರೆ ದೇಶದಲ್ಲಿಯೇ ಅತ್ಯಂತ ಕಡಿಮೆ ಜನರಿರುವ ರಾಜ್ಯವಿದು. ರಾಜಧಾನಿ ಮಾಂಟ್‌ಪೀಲಿಯರ್‌ನಲ್ಲಿ ಸುಮಾರು 8,000 ಜನರಿದ್ದು, ಅಮೆರಿಕದ ರಾಜ್ಯ ರಾಜಧಾನಿಗಳಲ್ಲೆಲ್ಲ ಅದೇ ಅತಿ ಚಿಕ್ಕದು. ಅತಿ ದೊಡ್ಡ ನಗರವಾದ ಬರ್ಲಿಂಗ್ಟನ್‌ನ ಜನಸಂಖ್ಯೆಯೂ 45,000ವನ್ನು ಮುಟ್ಟಿಲ್ಲ.

ಭೂಗೋಳ

ಉತ್ತರದಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯ, ದಕ್ಷಿಣದಲ್ಲಿ ಮ್ಯಾಸಚೂಸೆಟ್ಸ್, ಪಶ್ಚಿಮದಲ್ಲಿ ನ್ಯೂಯಾರ್ಕ್ ರಾಜ್ಯಗಳಿವೆ. ಪೂರ್ವದಲ್ಲಿ ಕನೆಕ್ಟಿಕಟ್ ನದಿಯು ಇದನ್ನು ನ್ಯೂ ಹ್ಯಾಂಪ್‌ಶೈರ್‌ನಿಂದ ಬೇರ್ಪಡಿಸುತ್ತದೆ. ವಾಯವ್ಯದಲ್ಲಿ ಶಾಂಪ್ಲೇನ್ ಸರೋವರವಿದೆ. ರಾಜ್ಯದ ನಡುವೆ ಉತ್ತರ-ದಕ್ಷಿಣವಾಗಿ ಹಾದುಹೋಗುವ ಹಸಿರು ಪರ್ವತಗಳಲ್ಲಿ 1,339 ಮೀಟರ್ ಎತ್ತರದ ಮ್ಯಾನ್ಸ್‌ಫೀಲ್ಡ್ ಶಿಖರವೇ ಅತ್ಯುನ್ನತವಾದುದು. ಫ್ರೆಂಚ್ ಭಾಷೆಯ ‘ಹಸಿರು’ ಮತ್ತು ‘ಬೆಟ್ಟ’ ಎಂಬರ್ಥದ ಪದಗಳಿಂದ ರಾಜ್ಯದ ಹೆಸರು ಬಂದಿದೆ.

ಕಿರಿದಾದ ಕಣಿವೆಗಳಲ್ಲಿ ನದಿಯ ದಂಡೆಗೇ ಅಂಟಿಕೊಂಡಂತೆ ಊರುಗಳು ಬೆಳೆದಿರುವುದರಿಂದ ಪ್ರವಾಹ ಇಲ್ಲಿನ ಹಳೆಯ ಶತ್ರು. 1927ರ ನವೆಂಬರ್ ತಿಂಗಳ ಮಹಾಪೂರದಲ್ಲಿ ರಾಜ್ಯದ ಲೆಫ್ಟಿನೆಂಟ್ ಗವರ್ನರ್ ಸೇರಿದಂತೆ 84 ಜನ ಮೃತಪಟ್ಟರು; ಸಾವಿರಕ್ಕೂ ಹೆಚ್ಚು ಸೇತುವೆಗಳು ಕೊಚ್ಚಿಹೋದವು. 2011ರಲ್ಲಿ ಐರೀನ್ ಚಂಡಮಾರುತದ ಮಳೆ ಅನೇಕ ಹಳ್ಳಿಗಳ ಸಂಪರ್ಕವನ್ನೇ ಕಡಿದುಹಾಕಿತು. 2023ರ ಜುಲೈನಲ್ಲಿ ರಾಜಧಾನಿಯ ಪೇಟೆಬೀದಿಗಳು ಜಲಾವೃತವಾದವು.

ಇತಿಹಾಸ

ಈ ನೆಲದ ಮೂಲನಿವಾಸಿಗಳು ಅಬೆನಾಕಿ ಜನರು. 1609ರಲ್ಲಿ ಫ್ರೆಂಚ್ ಅನ್ವೇಷಕ ಸ್ಯಾಮ್ಯುಯೆಲ್ ದ ಶಾಂಪ್ಲೇನ್ ತನ್ನ ಹೆಸರನ್ನೇ ಹೊತ್ತ ಸರೋವರವನ್ನು ತಲುಪಿದನು. 1749ರಿಂದ ನ್ಯೂ ಹ್ಯಾಂಪ್‌ಶೈರ್‌ನ ಗವರ್ನರ್ ಬೆನ್ನಿಂಗ್ ವೆಂಟ್‌ವರ್ತ್ ಇಲ್ಲಿನ ಭೂಮಿಯನ್ನು ವಲಸಿಗರಿಗೆ ಹಂಚತೊಡಗಿದನು. ಇದೇ ಭೂಮಿ ತನ್ನದೆಂಬುದು ನ್ಯೂಯಾರ್ಕ್‌ನ ವಾದವಾಗಿತ್ತು. 1764ರಲ್ಲಿ ಬ್ರಿಟಿಷ್ ಅರಸನು ನ್ಯೂಯಾರ್ಕ್‌ನ ಪರವಾಗಿ ತೀರ್ಪಿತ್ತಾಗ, ಹಣ ಕೊಟ್ಟು ಕಾಡು ಕಡಿದು ನೆಲೆಸಿದ್ದ ರೈತರ ಹಕ್ಕುಪತ್ರಗಳಿಗೆ ಬೆಲೆಯಿಲ್ಲದಂತಾಯಿತು. ಅವರು ಈತನ್ ಅಲೆನ್‌ನ ನಾಯಕತ್ವದಲ್ಲಿ ‘ಹಸಿರು ಪರ್ವತದ ಹುಡುಗರು’ ಎಂಬ ಪಡೆ ಕಟ್ಟಿ ನ್ಯೂಯಾರ್ಕ್‌ನ ಅಧಿಕಾರಿಗಳನ್ನು ಹಿಮ್ಮೆಟ್ಟಿಸಿದರು. ಇದೇ ಪಡೆ 1775ರ ಮೇ 10ರಂದು ಬ್ರಿಟಿಷರ ಟಿಕೊಂಡೆರೋಗಾ ಕೋಟೆಯನ್ನು ವಶಪಡಿಸಿಕೊಳ್ಳುವಲ್ಲಿ ಮುಖ್ಯ ಪಾತ್ರ ವಹಿಸಿತು.

1777ರಲ್ಲಿ ವರ್ಮಾಂಟ್ ತನ್ನನ್ನು ಸ್ವತಂತ್ರವೆಂದು ಘೋಷಿಸಿಕೊಂಡಿತು. ಮುಂದಿನ 14 ವರ್ಷ ತನ್ನದೇ ನಾಣ್ಯ ಟಂಕಿಸುತ್ತ, ತನ್ನದೇ ಆಡಳಿತ ನಡೆಸಿತು. ಕೊನೆಗೆ ನ್ಯೂಯಾರ್ಕ್‌ಗೆ 30,000 ಡಾಲರ್ ತೆತ್ತು ಭೂವಿವಾದವನ್ನು ಇತ್ಯರ್ಥಪಡಿಸಿಕೊಂಡು, 1791ರ ಮಾರ್ಚ್ 4ರಂದು 14ನೆಯ ರಾಜ್ಯವಾಗಿ ಒಕ್ಕೂಟವನ್ನು ಸೇರಿತು.

1777ರ ಸಂವಿಧಾನವು ವಯಸ್ಕರ ಗುಲಾಮಗಿರಿಯನ್ನು ನಿಷೇಧಿಸಿದ್ದು ಪ್ರಸಿದ್ಧವಾಗಿದೆ. ಆದರೆ ಈ ಹಿರಿಮೆಗೆ ಒಂದು ಮಿತಿಯಿತ್ತು: 21 ವರ್ಷದೊಳಗಿನ ಪುರುಷರಿಗೂ 18 ವರ್ಷದೊಳಗಿನ ಸ್ತ್ರೀಯರಿಗೂ ಅದರ ರಕ್ಷಣೆ ಇರಲಿಲ್ಲ. ಈ ಲೋಪವನ್ನು ಸಂವಿಧಾನದ ಪಠ್ಯದಿಂದ ತೆಗೆದುಹಾಕಲು 2022ರ ಮತದಾನದವರೆಗೆ ಕಾಯಬೇಕಾಯಿತು. ದುರ್ಬಲರೆನಿಸಿದವರ ಸಂತಾನಶಕ್ತಿ ಹರಣಕ್ಕೆ ಅವಕಾಶ ನೀಡಿದ 1931ರ ಕಾನೂನು ಇನ್ನೊಂದು ಕರಾಳ ಅಧ್ಯಾಯ. ಅದಕ್ಕಾಗಿ ಶಾಸನಸಭೆ ಕ್ಷಮೆ ಕೋರಿದ್ದು 2021ರಲ್ಲಿ.

ಕುರಿ, ಕಾಡು ಮತ್ತು ಸಕ್ಕರೆ ಮೇಪಲ್

19ನೆಯ ಶತಮಾನದ ಆರಂಭದಲ್ಲಿ ಐಬೀರಿಯಾದಿಂದ ತರಿಸಿದ ಮೆರಿನೋ ಕುರಿಗಳು ಇಲ್ಲಿನ ಬೆಟ್ಟಗಳ ರೂಪವನ್ನೇ ಬದಲಿಸಿದವು. 1840ರ ವೇಳೆಗೆ ಕುರಿಗಳ ಸಂಖ್ಯೆ 16 ಲಕ್ಷ ದಾಟಿತ್ತು. ಜನರು ಮೂರು ಲಕ್ಷವೂ ಇರಲಿಲ್ಲ. ಹುಲ್ಲುಗಾವಲಿಗಾಗಿ ಕಾಡು ನೆಲಕ್ಕುರುಳಿ, ಬೋಳುಬೆಟ್ಟಗಳ ಮಣ್ಣು ಹೊಳೆಗಳಿಗೆ ಇಳಿಯಿತು. ಇದನ್ನು ಬಾಲ್ಯದಿಂದ ಕಂಡಿದ್ದ ವುಡ್‌ಸ್ಟಾಕ್ ಊರಿನ ಜಾರ್ಜ್ ಪರ್ಕಿನ್ಸ್ ಮಾರ್ಷ್ 1864ರಲ್ಲಿ ಪ್ರಕಟಿಸಿದ ‘ಮ್ಯಾನ್ ಆ್ಯಂಡ್ ನೇಚರ್’ ಗ್ರಂಥವು ಪರಿಸರ ಚಿಂತನೆಯ ಆದ್ಯ ಕೃತಿಗಳಲ್ಲಿ ಒಂದೆಂದು ಪರಿಗಣಿತವಾಗಿದೆ. ಉಣ್ಣೆಯ ಬೆಲೆ ಕುಸಿದ ಮೇಲೆ ಅನೇಕರು ಪಶ್ಚಿಮಕ್ಕೆ ವಲಸೆ ಹೋದರು; ಉಳಿದವರಲ್ಲಿ ಬಹಳಷ್ಟು ಮಂದಿ ಹೈನುಗಾರಿಕೆಗೆ ತಿರುಗಿದರು. ಬಿಟ್ಟುಹೋದ ಜಮೀನಿನಲ್ಲಿ ಕಾಡು ತಾನಾಗಿ ಮರಳಿತು. ಇಂದು ರಾಜ್ಯದ ಮುಕ್ಕಾಲು ಭಾಗ ಅರಣ್ಯವಾಗಿದ್ದು, ದಟ್ಟ ಮರಗಳ ನಡುವೆ ಹಳೆಯ ಹೊಲಗಳ ಕಲ್ಲಿನ ಬೇಲಿಗಳು ಈಗಲೂ ಕಾಣಸಿಗುತ್ತವೆ.

ಮೇಪಲ್ ಪಾಕದ ಉತ್ಪಾದನೆಯಲ್ಲಿ ವರ್ಮಾಂಟ್ ದೇಶಕ್ಕೇ ಮೊದಲು. ಚಳಿಗಾಲದ ಕೊನೆಯಲ್ಲಿ, ರಾತ್ರಿ ಹೆಪ್ಪುಗಟ್ಟುವ ಚಳಿಯೂ ಹಗಲು ತುಸು ಬಿಸಿಲೂ ಇರುವ ದಿನಗಳಲ್ಲಿ ಮರದ ರಸ ಒಸರುತ್ತದೆ. ಒಂದು ಲೀಟರ್ ಪಾಕಕ್ಕೆ ಸುಮಾರು 40 ಲೀಟರ್ ರಸವನ್ನು ಕುದಿಸಿ ಇಂಗಿಸಬೇಕಾಗುತ್ತದೆ.

ಭಾರತದ ನಂಟು

ರಡ್ಯಾರ್ಡ್ ಕಿಪ್ಲಿಂಗ್ 1892ರಿಂದ 1896ರವರೆಗೆ ಬ್ರಾಟಲ್‌ಬರೊ ಪಟ್ಟಣದ ಪರಿಸರದಲ್ಲಿ ವಾಸಿಸಿದ್ದನು. ಪಕ್ಕದ ಡಮ್ಮರ್‌ಸ್ಟನ್‌ನಲ್ಲಿ ತಾನು ಕಟ್ಟಿಸಿದ ಮನೆಗೆ ‘ನೌಲಖಾ’ ಎಂದು ಹೆಸರಿಟ್ಟನು. ಮಧ್ಯಭಾರತದ ಸಿಯೋನಿ ಬೆಟ್ಟಗಳಲ್ಲಿ ನಡೆಯುವ ಮೋಗ್ಲಿಯ ಕಥೆಗಳನ್ನು ಒಳಗೊಂಡ ‘ಜಂಗಲ್ ಬುಕ್’ ಬರೆಯಲ್ಪಟ್ಟಿದ್ದು ಹಿಮ ಸುರಿಯುವ ಈ ನಾಡಿನಲ್ಲಿಯೇ.