ಪದ ಪರಿಚಯ: ಕೊಲಾಸ್ಟಮಿ

ಗ್ರೀಕ್ ಮೂಲದ ‘ಕೋಲೊನ್’ ಎಂದರೆ ದೊಡ್ಡ ಕರುಳು, ‘ಸ್ಟೋಮಾ’ ಎಂದರೆ ಬಾಯಿ. ದೊಡ್ಡ ಕರುಳನ್ನು ಹೊಟ್ಟೆಯ ಮೇಲಕ್ಕೆ ತಂದು ಮಲಕ್ಕೆ ದಾರಿ ಮಾಡುವ ಶಸ್ತ್ರಚಿಕಿತ್ಸೆಯೇ ಕೊಲಾಸ್ಟಮಿ. ಕನ್ನಡದಲ್ಲಿ ‘ಕರುಳಬಾಯಿ’ ಎಂದರೆ ಅರ್ಥ ತಾನಾಗಿ ತಿಳಿಯುತ್ತದೆ. ಹಸುಗೂಸುಗಳಿಗೂ ಇದು ಬೇಕಾಗಬಹುದು: ಸುಮಾರು 5000 ಶಿಶುಗಳಲ್ಲಿ ಒಂದಕ್ಕೆ ಗುದದ್ವಾರ ಇರುವುದಿಲ್ಲ, ಇಲ್ಲವೇ ತಪ್ಪು ಜಾಗದಲ್ಲಿರುತ್ತದೆ. 1793ರಲ್ಲಿ ಫ್ರಾನ್ಸಿನ ಬ್ರೆಸ್ಟ್ ನಗರದ ವೈದ್ಯ ದ್ಯುರೆ ಇಂಥ ಮೂರು ದಿನದ ಕೂಸಿಗೆ ಕರುಳಬಾಯಿ ಮಾಡಿದ. ಅರಿವಳಿಕೆಯೇ ಇರದ ಆ ಕಾಲದಲ್ಲಿ ಕೂಸು ಬದುಕಿ ನಡುವಯಸ್ಸು ಕಂಡಿತು.

ದೋಷ ಕೆಳಮಟ್ಟದ್ದಾದರೆ, ಅಂದರೆ ಕರುಳು ಚರ್ಮದ ಹತ್ತಿರದವರೆಗೆ ಬಂದಿದ್ದರೆ, ನೇರವಾಗಿ ದ್ವಾರ ರಚಿಸಬಹುದು. ಮೇಲ್ಮಟ್ಟದ್ದಾದರೆ ಮೊದಲು ಕರುಳಬಾಯಿ. ತಿಂಗಳುಗಳ ನಂತರ, 1982ರಲ್ಲಿ ಶಸ್ತ್ರವೈದ್ಯರಾದ ಪೆನ್ಯಾ ಮತ್ತು ಡಿವ್ರೀಸ್ ಪ್ರಕಟಿಸಿದ ವಿಧಾನದಂತೆ, ಬೆನ್ನ ಕಡೆಯಿಂದ ಸ್ನಾಯುಗಳ ನಟ್ಟನಡುವೆ ಗುದದ್ವಾರದ ರಚನೆ. ಕೊನೆಗೆ ಕರುಳಬಾಯಿ ಮುಚ್ಚುವುದು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ಸಣ್ಣ ಊರುಗಳಲ್ಲೂ ಹುಟ್ಟಿದ ಕೂಸನ್ನು ಮನೆಗೆ ಕಳಿಸುವ ಮೊದಲೇ ಗುದದ್ವಾರ ನೋಡಬೇಕು. ದೋಷ ಕಂಡರೆ ಹಾಲು ನಿಲ್ಲಿಸಿ ಮಕ್ಕಳ ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಒಯ್ಯಬೇಕು. ‘ಕೊಲಾಸ್ಟಮಿ’ ಎಂದೊಡನೆ ತಾಯ್ತಂದೆಯರ ಎದೆ ಒಡೆಯುತ್ತದೆ. ಇಂಥ ಮಕ್ಕಳಲ್ಲಿ ಬಹುಪಾಲು ಅದು ತಾತ್ಕಾಲಿಕ ಎಂಬುದನ್ನು ಆ ಪದದ ಜೊತೆಗೇ ಹೇಳಬೇಕು.